ನಿದ್ದೆ ಕೇಳುವ ಮೊದಲು ಹಗಲು ಕೊಡಿ

ನಮ್ಮ ಸಮಾಜದ ಎಲ್ಲ ವೇದಿಕೆಗಳೂ ಒಮ್ಮತಕ್ಕೆ ಬಂದಿರುವ ವಿಷಯವೊಂದು ಇದ್ದರೆ ಅದು ಮೊಬೈಲು. ಜುಮಾ ದಿನದ ಬಯಾನ್‌ನಲ್ಲಿ ಮೌಲವಿ ಸಾಹೇಬರು, ಮಠದ ಪ್ರವಚನದಲ್ಲಿ ಸ್ವಾಮೀಜಿಯವರು, ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯ ಅತಿಥಿಗಳು, ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ವೈದ್ಯರು, ಹೀಗೆ ಬೇರೆ ಯಾವುದರಲ್ಲೂ ಹೊಂದಿಕೆಯಾಗದವರೆಲ್ಲ ಇಲ್ಲಿ ಮಾತ್ರ ಒಂದೇ ದನಿಯಲ್ಲಿ ಮಾತನಾಡುತ್ತಾರೆ. ರಾತ್ರಿಯೆಲ್ಲ ಮೊಬೈಲು ನೋಡುತ್ತಾರೆ, ಬೆಳಿಗ್ಗೆ ಏಳುವುದಿಲ್ಲ, ಓದು ಹಾಳು, ಆರೋಗ್ಯ ಹಾಳು, ಮನೆತನ ಹಾಳು. ಹುಡುಗರು ಕೆಟ್ಟರು, ಹೆಣ್ಣುಮಕ್ಕಳು ಕೈತಪ್ಪಿದರು, ಸೊಸೆಯಂದಿರು ಹನ್ನೆರಡರ ತನಕ ರೀಲ್ಸ್ ನೋಡಿ ಫಜರ್‌ಗೆ ಏಳುವುದಿಲ್ಲ. ಮಾತು ಮುಗಿದ ಮೇಲೆ ಕೇಳಿದವರೆಲ್ಲ ತಲೆಯಾಡಿಸುತ್ತಾರೆ. ಆಮೇಲೆ ಅವರೂ ಜೇಬಿನಿಂದ ಮೊಬೈಲು ತೆಗೆಯುತ್ತಾರೆ.

ನಾವು ಮೊಬೈಲಿನ ವಕಾಲತ್ತು ವಹಿಸಲು ಹೊರಟಿಲ್ಲ. ನಿದ್ದೆಗೆಟ್ಟ ಸಮಾಜ ರೋಗಿಷ್ಠ ಸಮಾಜ ಎಂಬುದರಲ್ಲಿ ನಮಗೆ ಅನುಮಾನವೂ ಇಲ್ಲ. ನಮ್ಮ ತಕರಾರು ಇರುವುದು ಈ ಆರೋಪಪಟ್ಟಿಯ ಬಗ್ಗೆ. ಇದರಲ್ಲಿ ಆರೋಪಿಗಳ ಹೆಸರು ತಪ್ಪಾಗಿ ಬಿದ್ದಿದೆ. ನಿಜವಾಗಿ ನಿಲ್ಲಬೇಕಾದವರು ಕಟಕಟೆಯ ಹೊರಗೆ, ನ್ಯಾಯಾಧೀಶರ ಕುರ್ಚಿಯಲ್ಲಿ ಕುಳಿತಿದ್ದಾರೆ.

ಮೊದಲು ವಿಜ್ಞಾನ ಹೇಳುವುದನ್ನು ಗೌರವದಿಂದ ಕೇಳೋಣ. ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದಲ್ಲೂ ಹಗಲು ರಾತ್ರಿಗಳನ್ನು ಎಣಿಸುವ ಒಂದು ಗಡಿಯಾರವಿದೆ. ಹಣ್ಣಿನ ನೊಣಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ ಈ ಗಡಿಯಾರದ ಒಳಗುಟ್ಟನ್ನು ಬಿಡಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಶ್ ಮತ್ತು ಮೈಕೆಲ್ ಯಂಗ್ ಎಂಬ ಮೂವರಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ಈ ಎಲ್ಲ ಸಣ್ಣ ಗಡಿಯಾರಗಳಿಗೆ ಮೆದುಳಿನಲ್ಲಿ ಒಂದು ಯಜಮಾನ ಗಡಿಯಾರವಿದೆ. ಅದು ತನ್ನ ಮುಳ್ಳನ್ನು ಸರಿಪಡಿಸಿಕೊಳ್ಳುವುದು ಕಣ್ಣಿಗೆ ಬೀಳುವ ಬೆಳಕಿನಿಂದ. ಹೊತ್ತು ಮುಳುಗಿ ಕತ್ತಲಾಯಿತೆಂದರೆ ಮೆಲಟೋನಿನ್ ಎಂಬ ಹಾರ್ಮೋನು ರಕ್ತಕ್ಕೆ ಇಳಿಯತೊಡಗುತ್ತದೆ, ಇನ್ನು ಮಲಗುವ ಹೊತ್ತು ಎಂದು ದೇಹಕ್ಕೆಲ್ಲ ಸುದ್ದಿ ಮುಟ್ಟಿಸುತ್ತದೆ. ಕಣ್ಣಿನ ಅಕ್ಷಿಪಟಲದಲ್ಲಿ ನೀಲಿ ಬೆಳಕಿಗೆ ವಿಶೇಷವಾಗಿ ಸ್ಪಂದಿಸುವ ಕೋಶಗಳಿವೆ. ಮೊಬೈಲು, ಟ್ಯಾಬ್, ಎಲ್‌ಇಡಿ ಟಿ.ವಿ.ಗಳ ಬೆಳಕು ಅವುಗಳಿಗೆ ತಾಗಿದಾಗ ಮೆದುಳು ಸೂರ್ಯ ಇನ್ನೂ ಮುಳುಗಿಲ್ಲವೆಂದೇ ತಿಳಿಯುತ್ತದೆ.

ಅಮೆರಿಕದ ಬೋಸ್ಟನ್ನಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಬಹಳ ಪ್ರಸಿದ್ಧ. 12 ಜನರನ್ನು ಕೂಡಿಸಿ, ಐದು ರಾತ್ರಿ ಮಲಗುವ ಮುಂಚಿನ ನಾಲ್ಕು ಗಂಟೆ ಬೆಳಕು ಸೂಸುವ ಪರದೆಯ ಮೇಲೆ ಓದಿಸಿದರು. ಇನ್ನೈದು ರಾತ್ರಿ ಮುದ್ರಿತ ಪುಸ್ತಕ ಓದಿಸಿದರು. ಪರದೆಯಲ್ಲಿ ಓದಿದವರಿಗೆ ಮೆಲಟೋನಿನ್ ಏರುವುದು ಸುಮಾರು ಒಂದೂವರೆ ಗಂಟೆ ತಡವಾಯಿತು, ನಿದ್ದೆ ಹತ್ತುವುದಕ್ಕೆ ಹೆಚ್ಚುಕಡಿಮೆ 10 ನಿಮಿಷ ಹೆಚ್ಚು ಹಿಡಿಯಿತು, ಮರುದಿನ ಬೆಳಿಗ್ಗೆ ಮಂಪರು ಉಳಿಯಿತು.

ಇನ್ನು ನಿದ್ದೆಯ ಲೆಕ್ಕ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ, ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕೆಂದು ನಿದ್ರಾವೈದ್ಯರ ಸಂಘಟನೆಗಳು ಹೇಳುತ್ತವೆ. ಸಿಗದಿದ್ದರೆ ಏನಾಗುತ್ತದೆ? ಶಿಕಾಗೋದ ಸಂಶೋಧಕರು 1999ರಲ್ಲಿ 11 ಮಂದಿ ಆರೋಗ್ಯವಂತ ಯುವಕರನ್ನು ಆರು ರಾತ್ರಿ ತಲಾ ನಾಲ್ಕು ಗಂಟೆ ಮಾತ್ರ ಮಲಗಲು ಬಿಟ್ಟು ನೋಡಿದರು. ಆರೇ ರಾತ್ರಿಗಳಲ್ಲಿ ಅವರ ದೇಹ ಸಕ್ಕರೆಯನ್ನು ಸಂಭಾಳಿಸುವ ಶಕ್ತಿ ಕುಗ್ಗಿತ್ತು. ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಅಂದಾಜಿಸಿತು. ಇದಕ್ಕೆಲ್ಲ ನಿದ್ದೆಗೇಡೊಂದೇ ಕಾರಣವೆಂದು ಯಾರೂ ಹೇಳುವುದಿಲ್ಲ; ಊಟ, ಮೈಗಳ್ಳತನ, ವಂಶ ಎಲ್ಲವೂ ಇವೆ. ಆದರೆ ರಕ್ತದೊತ್ತಡ, ಬೊಜ್ಜು, ಸಕ್ಕರೆ, ಮನಸ್ಸಿನ ಕುಗ್ಗುವಿಕೆ, ಇವೆಲ್ಲದರ ಜೊತೆ ಕಡಿಮೆ ನಿದ್ದೆಯ ಹೆಸರು ಸೇರಿಕೊಂಡಿದೆ. ಹೃದಯದ ಆರೋಗ್ಯದ ಪಟ್ಟಿಗೆ ಅಮೆರಿಕದ ಹೃದ್ರೋಗ ಸಂಘ 2022ರಲ್ಲಿ ನಿದ್ದೆಯನ್ನೂ ಸೇರಿಸಿತು.

ಇಷ್ಟರ ಮಟ್ಟಿಗೆ ಬಯಾನ್ ಮಾಡುವವರ ಮಾತು ಸರಿ. ಆದರೆ ಮೇಲಿನ ಬೋಸ್ಟನ್ ಪ್ರಯೋಗದ ಒಂದು ಅಂಕಿಯನ್ನು ಅವರು ಗಮನಿಸುವುದಿಲ್ಲ. ಹತ್ತು ನಿಮಿಷ! ನಾಲ್ಕು ಗಂಟೆ ಪರದೆ ನೋಡಿದವನಿಗೆ ನಿದ್ದೆ ಹತ್ತಲು ತಡವಾದದ್ದು ಹತ್ತು ನಿಮಿಷ. ಅಲ್ಲಿ ಎಲ್ಲರಿಗೂ ಹತ್ತು ಗಂಟೆಗೆ ದೀಪ ಆರಿಸಿ ಮಲಗಿಸಲಾಗುತ್ತಿತ್ತು. ನಮ್ಮ ಮನೆಗಳಲ್ಲಿ ಕಳೆದುಹೋಗುತ್ತಿರುವುದು ಹತ್ತು ನಿಮಿಷವಲ್ಲ, ಎರಡು ಮೂರು ಗಂಟೆ. ಹಾಗಾದರೆ ಉಳಿದದ್ದನ್ನು ಕದ್ದವರು ಯಾರು? ಬೆಳಕೇ ಕಳ್ಳನಾಗಿದ್ದರೆ ಕೆಲಸ ಸುಲಭವಿತ್ತು, ಹಳದಿ ಕನ್ನಡಕ ಹಾಕಿಕೊಂಡು ನೋಡಬಹುದಿತ್ತು. ಪೇಟೆಯಲ್ಲಿ ಅಂಥ ಕನ್ನಡಕಗಳ ಭರಾಟೆಯೂ ಜೋರಾಗಿದೆ. ಆದರೆ ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2023ರಲ್ಲಿ ಇವುಗಳನ್ನು ತೂಗಿ, ಕಣ್ಣಿನ ಆಯಾಸಕ್ಕೆ ಇವುಗಳಿಂದ ಹೇಳಿಕೊಳ್ಳುವಂಥ ಲಾಭ ಕಾಣುವುದಿಲ್ಲ, ನಿದ್ದೆಗೆ ಲಾಭವಿದೆ ಎನ್ನಲು ಗಟ್ಟಿ ಆಧಾರವಿಲ್ಲ ಎಂದಿತು. ಕಳ್ಳ ಇರುವುದು ಬೇರೆ ಕಡೆ.

ಕತೆ ಬರೆಯುವ ನಮ್ಮಂಥವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಕತೆಗೆ ಒಂದು ಕೊನೆ ಇರಬೇಕು. ಓದುಗ ಪುಸ್ತಕ ಮುಚ್ಚಿ ದೀಪ ಆರಿಸುವಂತಿರಬೇಕು. ಹಿಂದಿನ ಎಲ್ಲ ಮಾಧ್ಯಮಗಳಿಗೂ ಇಂಥದೊಂದು ಕೊನೆ ಇತ್ತು. ರೇಡಿಯೋ ಸಿಲೋನಿನ ಬಿನಾಕಾ ಗೀತ್‌ಮಾಲಾ ಬುಧವಾರ ರಾತ್ರಿ 8ಕ್ಕೆ ಶುರುವಾಗಿ 9ಕ್ಕೆ ಮುಗಿಯುತ್ತಿತ್ತು. ಅಮೀನ್ ಸಯಾನಿಯವರ ದನಿಗೆ ಮರುಳಾಗದವರಿರಲಿಲ್ಲ, ಆದರೂ ಮುಂದಿನದು ಮುಂದಿನ ಬುಧವಾರವೇ. ದೂರದರ್ಶನದಲ್ಲಿ ಕಾರ್ಯಕ್ರಮ ಮುಗಿದರೆ ಪರದೆ ಬರಿದಾಗುತ್ತಿತ್ತು. ಪತ್ರಿಕೆಗೆ ಕೊನೆಯ ಪುಟವಿದೆ. ಕೊನೆಯೇ ಇಲ್ಲದ ಪುಟವನ್ನು ಕಂಡುಹಿಡಿದದ್ದು ನಮ್ಮ ಕಾಲ. ಬೆರಳು ಸರಿಸಿದಷ್ಟೂ ಕೆಳಗಿನಿಂದ ಇನ್ನಷ್ಟು ಉಕ್ಕಿ ಬರುವ ಈ ತಂತ್ರವನ್ನು 2006ರಲ್ಲಿ ರೂಪಿಸಿದ ಅಝಾ ರಾಸ್ಕಿನ್ ಎಂಬ ವಿನ್ಯಾಸಕಾರರೇ ಮುಂದೆ ತಮ್ಮ ಈ ಕೆಲಸಕ್ಕಾಗಿ ಬಹಿರಂಗವಾಗಿ ವಿಷಾದಪಟ್ಟರು. ಒಂದು ವಿಡಿಯೋ ಮುಗಿಯುವುದರೊಳಗೆ ಇನ್ನೊಂದು ತಾನೇ ಶುರುವಾಗುವ ಏರ್ಪಾಡು ಇದರ ತಮ್ಮ. ನೆಟ್‌ಫ್ಲಿಕ್ಸ್ ಕಂಪೆನಿಯ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ 2017ರಲ್ಲಿ ಹೂಡಿಕೆದಾರರ ಜೊತೆ ಮಾತನಾಡುತ್ತ ತಮ್ಮ ಪೈಪೋಟಿ ಇರುವುದು ನಿದ್ದೆಯ ಜೊತೆ ಎಂಬರ್ಥದ ಮಾತನ್ನು ಯಾವ ಮುಜುಗರವೂ ಇಲ್ಲದೆ ಹೇಳಿದರು. ನಾವು ಇದನ್ನು ತಮಾಷೆಯೆಂದು ತಳ್ಳಿಹಾಕಬಾರದು. ವ್ಯಾಪಾರಿ ತನ್ನ ಪೇಟೆ ಎಲ್ಲಿದೆ ಎಂಬುದನ್ನು ಬೇರೆಯವರಿಗಿಂತ ಚೆನ್ನಾಗಿ ಬಲ್ಲ.

ನಮ್ಮ ದೇಶದಲ್ಲಿ ಈ ಪೇಟೆಗೆ ಹೆಬ್ಬಾಗಿಲು ತೆರೆದದ್ದು 2016ರ ಸೆಪ್ಟೆಂಬರಿನಲ್ಲಿ. ಜಿಯೋ ಬಂದು ಇಂಟರ್ನೆಟ್ಟನ್ನು ತಿಂಗಳುಗಟ್ಟಲೆ ಪುಕ್ಕಟೆ ಹಂಚಿತು. ಉಳಿದ ಕಂಪೆನಿಗಳೂ ದರ ಇಳಿಸಿದವು. ದಿನಕ್ಕೆ ಇಂತಿಷ್ಟು ಜಿಬಿ ಎಂಬ ಪಡಿ ನಮ್ಮ ಮನೆಗಳಿಗೆ ಬಂದದ್ದು ಹೀಗೆ. ಆವತ್ತಿನ ಪಡಿ ಆವತ್ತೇ ಮುಗಿಸಬೇಕು, ಇಲ್ಲವಾದರೆ ನಷ್ಟವೆಂಬ ಲೆಕ್ಕ. ಹಗಲಿಡೀ ದುಡಿಯುವವನು ಆ ಪಡಿಯನ್ನು ಯಾವಾಗ ತಿನ್ನಬೇಕು? ರಾತ್ರಿಯೇ ತಾನೆ?

ಇಲ್ಲೊಂದು ವಾದ ಕೇಳಿಬರುತ್ತದೆ. ಹಿಂದಿನವರೇನು ಜಾಗರಣೆ ಮಾಡಲಿಲ್ಲವೇ? ಕರಾವಳಿಯಲ್ಲಿ ಬೆಳಗಿನ ತನಕ ಯಕ್ಷಗಾನ, ದರ್ಗಾಗಳ ಉರೂಸಿನಲ್ಲಿ ರಾತ್ರಿಯಿಡೀ ಖವ್ವಾಲಿ, ಬಯಲುಸೀಮೆಯಲ್ಲಿ ಬಯಲಾಟ, ಶಿವರಾತ್ರಿಯ ಭಜನೆ, ಶಬೇ ಬರಾತ್. ನಿಜ. ಆದರೆ ಅವು ವರ್ಷಕ್ಕೊಮ್ಮೆ ಬರುತ್ತಿದ್ದವು, ಊರಿಗೆ ಊರೇ ಸೇರಿ ಎದ್ದಿರುತ್ತಿತ್ತು, ಮರುದಿನ ಊರಿಗೆ ಊರೇ ಮಲಗುತ್ತಿತ್ತು. ಬೆಳ್ಳಿ ಮೂಡುವ ಹೊತ್ತಿಗೆ ಮಂಗಳ ಹಾಡಿ ಆಟ ಮುಗಿಸುತ್ತಿದ್ದರು. ಮೊಬೈಲಿನ ಆಟಕ್ಕೆ ಮಂಗಳವಿಲ್ಲ. ಅದನ್ನು ನೋಡುವವರು ಒಬ್ಬೊಬ್ಬರೇ, ಚಾದರದೊಳಗೆ, ಪ್ರತಿ ರಾತ್ರಿ. ಬೆಳಗಾದರೆ ಶಾಲೆಯ ಗಂಟೆ, ಕಾರ್ಖಾನೆಯ ಸೈರನ್ನು ಯಾರಿಗೂ ಕಾಯುವುದಿಲ್ಲ.

ಈಗ ಮನೆಯೊಳಕ್ಕೆ ಬರೋಣ. ರಾತ್ರಿ ಮಾಧ್ಯಮದ ಮಾತು ಬಂದಾಗ ನಾವು ಮೊಬೈಲನ್ನು ಮಾತ್ರ ಬೈದು ಟಿ.ವಿ.ಯನ್ನು ಮರೆಯುತ್ತೇವೆ. ಯಾಕೆಂದರೆ ಟಿ.ವಿ.ಯ ರಿಮೋಟು ಮನೆಯ ಹಿರಿಯರ ಕೈಯಲ್ಲಿದೆ. ನಮ್ಮ ಮೊಹಲ್ಲಾಗಳ ಎಷ್ಟೋ ಮನೆಗಳೆಂದರೆ ಒಂದು ಹಾಲು, ಒಂದು ಅಡುಗೆಮನೆ. ಆ ಹಾಲೇ ಊಟದ ಮನೆ, ಅದೇ ಮಕ್ಕಳ ಓದಿನ ಕೋಣೆ, ಹತ್ತು ಗಂಟೆಯ ಮೇಲೆ ಅದೇ ಆರು ಜನರ ಮಲಗುವ ಕೋಣೆ. ಅಬ್ಬಾ ರಾತ್ರಿ ಹನ್ನೊಂದರ ತನಕ ವಾರ್ತೆ ನೋಡಿದರೆ ಗೋಡೆಬದಿಗೆ ಮಲಗಿದ ಎಂಟು ವರ್ಷದ ಮಗು ಕೂಡ ಹನ್ನೊಂದರ ತನಕ ವಾರ್ತೆ ನೋಡುತ್ತದೆ. ಬೆಳಿಗ್ಗೆ ಆ ಮಗು ಏಳದಿದ್ದಾಗ ಬೈಗುಳ ಮಗುವಿಗೆ ಬೀಳುತ್ತದೆ. ಸ್ವಂತ ಕೋಣೆ ಇರುವವರಿಗೆ ಬರೆದ ಸಲಹೆಗಳನ್ನು, ಮಲಗುವ ಕೋಣೆಯಿಂದ ಪರದೆಯನ್ನು ಹೊರಗಿಡಿ ಎಂಬುದನ್ನು, ಒಂದೇ ಕೋಣೆಯ ಮನೆಯವರು ಪಾಲಿಸುವುದು ಹೇಗೆ? ನಿದ್ದೆಯಲ್ಲೂ ಬಡವ ಬಲ್ಲಿದ ಎಂಬುದಿದೆ.

ಅಷ್ಟಕ್ಕೂ ಆ ವಾರ್ತೆಯಲ್ಲಿ ಬರುವುದೇನು? ರಾತ್ರಿ ಎಂಟು ಒಂಬತ್ತರ ಹೊತ್ತಿಗೆ ನಾಲ್ಕು ಚೌಕಟ್ಟುಗಳಲ್ಲಿ ನಾಲ್ವರು ಕಿರುಚುವ ಚರ್ಚೆ. ಇಡೀ ದಿನ ದುಡಿದು ಬಂದವನ ರಕ್ತ ಕುದಿಯುವಂತೆ ಮಾಡಿ ಜಾಹೀರಾತು ತೋರಿಸುವ ದಂಧೆ. ಎಲ್ಲ ಮನೆಗಳಿಗೂ ಇದು ಕೆಟ್ಟದ್ದೇ, ಮುಸ್ಲಿಮರ ಮನೆಗಳಿಗೆ ಒಂದು ತೂಕ ಹೆಚ್ಚು. 2022ರ ಆರಂಭದಲ್ಲಿ ಉಡುಪಿಯ ಕಾಲೇಜಿನಿಂದ ಹೊರಟ ಹಿಜಾಬ್ ವಿವಾದ ರಾಜ್ಯವನ್ನೆಲ್ಲ ಹೊಕ್ಕಿತು. ಮಾರ್ಚ್ 15ಕ್ಕೆ ಹೈಕೋರ್ಟಿನ ತೀರ್ಪು ಬಂತು, ಮಾರ್ಚ್ 28ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾಯಿತು. ತೀರ್ಪಿನ ಸರಿತಪ್ಪು ಇಲ್ಲಿಯ ಚರ್ಚೆಯಲ್ಲ. ಆ ವಾರಗಳಲ್ಲಿ ಹತ್ತನೇ ತರಗತಿಯ ಒಬ್ಬ ಹುಡುಗಿ ತನ್ನದೇ ಹಾಲಿನಲ್ಲಿ, ತನ್ನದೇ ಮನೆಯ ಟಿ.ವಿ.ಯಲ್ಲಿ ರಾತ್ರಿ ಏನೇನು ಕೇಳಿಸಿಕೊಂಡು ಮಲಗಿರಬೇಕೆಂದು ಊಹಿಸಿ ನೋಡಿ. ಅವಳ ನಿದ್ದೆ ಕೆಡಿಸಿದ್ದು ನೀಲಿ ಬೆಳಕೇ? ಅದೇ ವರ್ಷ ಹಿಜಾಬ್ ಕುರಿತ ಒಂದು ಚರ್ಚೆಗಾಗಿ ಹಿಂದಿ ಸುದ್ದಿವಾಹಿನಿಯೊಂದಕ್ಕೆ ವಾಹಿನಿಗಳದ್ದೇ ಸಂಘಟನೆಯ ನ್ಯಾಯಮಂಡಳಿ 50 ಸಾವಿರ ರೂಪಾಯಿ ದಂಡ ಹಾಕಿತು. ಒಂದು ರಾತ್ರಿಯ ಜಾಹೀರಾತಿನ ಗಳಿಕೆಯ ಮುಂದೆ ಐವತ್ತು ಸಾವಿರ ಯಾವ ಲೆಕ್ಕ? ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದರು ಹಿರಿಯರು. ಈಗ ಸಂತೆಯೇ ಮನೆಯೊಳಗೆ ಬಂದು ಚಿಂತೆ ಮಾರುತ್ತಿದೆ. ಈ ಸಂತೆಗೆ ಮನೆಯೊಳಗೆ ಚಾಪೆ ಹಾಸಿಕೊಟ್ಟವರು ಮಕ್ಕಳಲ್ಲ, ನಾವು ಹಿರಿಯರು.

ಇನ್ನು ಆರೋಪಪಟ್ಟಿಯ ಒಂದನೇ ಆರೋಪಿ, ಹನ್ನೆರಡರ ತನಕ ರೀಲ್ಸ್ ನೋಡುವ ಸೊಸೆ. ಅವಳ ದಿನಚರಿಯನ್ನು ನಮ್ಮಲ್ಲಿ ಯಾರಾದರೂ ಕೂತು ಬರೆದಿದ್ದೇವೆಯೇ? ಎಲ್ಲರಿಗಿಂತ ಮೊದಲು ಎದ್ದು ನೀರು ಹಿಡಿಯಬೇಕು. ನಲ್ಲಿಗೆ ನೀರು ಬರುವ ಹೊತ್ತು ಅವಳನ್ನು ಕೇಳಿ ಬರುವುದಿಲ್ಲ. ಮಕ್ಕಳ ಡಬ್ಬಿ, ಗಂಡನ ಡಬ್ಬಿ, ಮಾವನ ಮಾತ್ರೆ, ಬಟ್ಟೆ, ಪಾತ್ರೆ. ಉಳಿದ ಹೊತ್ತಿನಲ್ಲಿ ಬೀಡಿಯೋ ಅಗರಬತ್ತಿಯೋ ಹೊಲಿಗೆಯೋ. ಸಂಜೆ ಮತ್ತೆ ಒಲೆ. ಎಲ್ಲರೂ ಉಂಡು ಮಲಗಿ, ಒಲೆಕಟ್ಟೆ ಒರೆಸಿ, ಬಾಗಿಲ ಚಿಲಕ ಹಾಕುವಾಗ ಹನ್ನೊಂದು. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆವಾರ್ತೆಯ ಸಂಬಳವಿಲ್ಲದ ಕೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು? 88 ನಿಮಿಷ. ಅದೂ ಆ ಕೆಲಸಕ್ಕೆ ಕೈಹಾಕುವ ಗಂಡಸರು ಮಾತ್ರ. ಕೈಯನ್ನೇ ಹಾಕದವರು ಈ ಲೆಕ್ಕದಲ್ಲಿಲ್ಲ.

ಆ ಹನ್ನೊಂದು ಗಂಟೆಗೆ ಸಿಗುವ ಒಂದು ತಾಸು ಇಡೀ ದಿನದಲ್ಲಿ ಅವಳದೇ ಆದ ಏಕೈಕ ತಾಸು. ಆಗ ಯಾರೂ ಅವಳನ್ನು ಕರೆಯುವುದಿಲ್ಲ, ಯಾರಿಗೂ ಚಹಾ ಬೇಡ. ನಿದ್ದೆ ಕಣ್ಣಿಗೆ ಎಳೆಯುತ್ತಿರುತ್ತದೆ, ಆದರೂ ಮಲಗಿಬಿಟ್ಟರೆ ಮರುಕ್ಷಣವೇ ಬೆಳಗಾಗಿ ಮತ್ತೆ ನೀರು, ಮತ್ತೆ ಡಬ್ಬಿ. ಹಾಗಾಗಿ ಅವಳು ನಿದ್ದೆಯನ್ನು ತೆತ್ತು ಒಂದು ತಾಸು ಕೊಂಡುಕೊಳ್ಳುತ್ತಾಳೆ. ಬೆಳಗಿನಿಂದ ಇರುಳಿನ ತನಕ ಕಚೇರಿಯಲ್ಲಿ ದುಡಿದು ಬಸವಳಿದ ಚೀನಾದ ಯುವಜನ ಇಂಥ ಜಾಗರಣೆಗೆ ಒಂದು ಹೆಸರಿಟ್ಟಿದ್ದಾರೆ, ಸೇಡಿನ ಜಾಗರಣೆ ಎಂದು. ಹಗಲನ್ನು ಕಸಿದವರ ಮೇಲಿನ ಸೇಡನ್ನು ರಾತ್ರಿ ತೀರಿಸಿಕೊಳ್ಳುವುದು. ದುರಂತವೆಂದರೆ ಆ ಸೇಡಿನ ಪೆಟ್ಟು ಬೀಳುವುದು ಸೇಡು ತೀರಿಸಿಕೊಳ್ಳುವವರ ದೇಹಕ್ಕೇ. ರಕ್ತಹೀನತೆ, ತಲೆನೋವು, ಸಿಡುಕು, ಒತ್ತಡ ಎಲ್ಲವೂ ಅವಳ ಪಾಲಿಗೆ. ಅಂಥವಳ ಕೈಯಿಂದ ಮೊಬೈಲು ಕಿತ್ತಿಟ್ಟು ಇನ್ನು ಮಲಗು ಎನ್ನುವುದು ಆರೋಗ್ಯದ ಕಾಳಜಿಯಂತೆ ಕೇಳಿಸುತ್ತದೆ. ನಿಜದಲ್ಲಿ ಅದು ಅವಳ ಕೊನೆಯ ತಾಸನ್ನೂ ಜಪ್ತಿ ಮಾಡುವ ಕೆಲಸ. ಅವಳಿಂದ ನಿದ್ದೆ ಕೇಳುವ ಹಕ್ಕು ಬರುವುದು ಹಗಲಿನಲ್ಲಿ ಅವಳಿಗೊಂದು ತಾಸು ಬಿಟ್ಟುಕೊಟ್ಟವರಿಗೆ ಮಾತ್ರ.

ಎರಡನೇ ಆರೋಪಿ ಕಾಲೇಜಿಗೆ ಹೋಗುವ ಮಗಳು. ಅಣ್ಣನಿಗೆ ಸಂಜೆ ಮೈದಾನವಿದೆ, ಗಲ್ಲಿಯ ಮೂಲೆಯಿದೆ, ಚಹಾ ಹೋಟೆಲಿದೆ. ಅವಳು ಗೆಳತಿಯ ಮನೆಗೆ ಹೋಗುವುದಕ್ಕೆ ನಾಲ್ಕು ಜನರ ಅನುಮತಿ ಬೇಕು. ಮಗ್ರಿಬ್ ಆದ ಮೇಲೆ ಹೊಸ್ತಿಲು ದಾಟುವಂತಿಲ್ಲ. ಊರಿನ ಗ್ರಂಥಾಲಯ ಎಲ್ಲಿದೆಯೆಂದೇ ಅವಳಿಗೆ ತೋರಿಸಿಲ್ಲ. ಅವಳ ಪಾಲಿನ ಜಗತ್ತನ್ನು ನಾವೇ ಕಿರಿದು ಮಾಡುತ್ತ ಮಾಡುತ್ತ ಆರು ಇಂಚಿಗೆ ತಂದಿಟ್ಟು, ಈಗ ಅವಳು ಆ ಆರು ಇಂಚನ್ನು ಬಿಡುವುದಿಲ್ಲವೆಂದು ಗೋಳಾಡುತ್ತೇವೆ. ಇನ್ನೂ ಒಂದು ಮಾತು. ಮಕ್ಕಳ ಕೈಗೆ ಮೊಬೈಲು ಕೊಟ್ಟವರು ಯಾರು? 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಸಾಲ ಮಾಡಿಯಾದರೂ ಸ್ಮಾರ್ಟ್‌ಫೋನು ಕೊಡಿಸಿ ಎಂದದ್ದು ಶಾಲೆಗಳೇ. ಶಾಲೆ ತೆರೆದ ಮೇಲೂ ಅಭ್ಯಾಸ ನಿಲ್ಲಲಿಲ್ಲ. ರಾತ್ರಿ ಒಂಬತ್ತೂವರೆಗೆ ವಾಟ್ಸ್‌ಆಪ್ ಗುಂಪಿನಲ್ಲಿ ನಾಳೆಯ ಹೋಮ್‌ವರ್ಕು ಬೀಳುತ್ತದೆ. ಅದನ್ನು ನೋಡಲೆಂದು ಮೊಬೈಲು ಹಿಡಿದ ಮಗು ಹತ್ತು ಬೇರೆ ವಿಡಿಯೋಗಳ ನಡುವೆ ಸಿಕ್ಕಿಬೀಳುತ್ತದೆ. ಮಾರನೆಯ ದಿನ ಅದೇ ಶಾಲೆ ಮೊಬೈಲಿನ ದುಷ್ಪರಿಣಾಮಗಳು ಎಂಬ ವಿಷಯದ ಮೇಲೆ ಪ್ರಬಂಧ ಸ್ಪರ್ಧೆ ಇಡುತ್ತದೆ!

ಆರೋಪಪಟ್ಟಿಯಲ್ಲಿ ಹೆಸರೇ ಇಲ್ಲದ ಇನ್ನೊಂದು ವರ್ಗವಿದೆ. ರಾತ್ರಿ ಹನ್ನೆರಡಕ್ಕೆ ಬಿರಿಯಾನಿ ತಲುಪಿಸುವ ಹುಡುಗರು, ಅಮೆರಿಕದ ಹಗಲಿಗೆ ತಮ್ಮ ರಾತ್ರಿಯನ್ನು ಮಾರಿಕೊಂಡು ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ಕೂತ ಯುವಕ ಯುವತಿಯರು, ಆಸ್ಪತ್ರೆಯ ನರ್ಸುಗಳು, ಕಾವಲುಗಾರರು. ರಾತ್ರಿಪಾಳಿಯ ದುಡಿಮೆ ಬಹುಶಃ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2007ರಲ್ಲಿ ಹೇಳಿತು, 2019ರಲ್ಲಿ ಮತ್ತೊಮ್ಮೆ ಪರಿಶೀಲಿಸಿ ಅದನ್ನೇ ಹೇಳಿತು. ಮಧ್ಯರಾತ್ರಿ ನಾವು ಹಾಸಿಗೆಯಲ್ಲಿ ಬಿದ್ದುಕೊಂಡು ಪರದೆಯ ಮೇಲೆ ಬೆರಳೊತ್ತಿದಾಗ ನಮ್ಮ ನಿದ್ದೆಯ ಜೊತೆ ಇನ್ನೊಬ್ಬನ ನಿದ್ದೆಯೂ ಹಾಳಾಗುತ್ತದೆ. ಅವನು ನಮ್ಮ ಪಕ್ಕದ ಗಲ್ಲಿಯ ಹುಡುಗನೇ ಆಗಿರುತ್ತಾನೆ.

ಇನ್ನು ಧರ್ಮದ ಮಾತು. ಇಶಾ ನಮಾಜಿಗೆ ಮೊದಲು ಮಲಗುವುದನ್ನೂ ಇಶಾ ಆದ ಮೇಲೆ ಹರಟೆ ಹೊಡೆಯುವುದನ್ನೂ ಪ್ರವಾದಿಯವರು ಇಷ್ಟಪಡುತ್ತಿರಲಿಲ್ಲ ಎಂಬ ಹದೀಸು ಬುಖಾರಿಯಲ್ಲಿದೆ. ಮಕ್ಕಳನ್ನು ಬೈಯುವಾಗ ಇದನ್ನು ಧಾರಾಳವಾಗಿ ಬಳಸಲಾಗುತ್ತದೆ. ಅದೇ ಬುಖಾರಿಯಲ್ಲಿ ವಿದ್ಯೆಗಾಗಿ, ಮನೆಮಂದಿಯ ಜೊತೆ, ಅತಿಥಿಗಳ ಜೊತೆ ರಾತ್ರಿ ಮಾತನಾಡಿದ ಪ್ರಸಂಗಗಳೂ ಇವೆ. ಅಂದರೆ ಅದು ಕುರುಡು ನಿಷೇಧವಲ್ಲ, ಬದುಕಿಗೆ ಹಾಕಿಕೊಟ್ಟ ಒಂದು ಲಯ. ಆ ಲಯವನ್ನು ಮೊದಲು ಮುರಿದವರು ಹುಡುಗರೇ? ರಾತ್ರಿ ಹತ್ತಕ್ಕೆ ದಸ್ತರ್‌ಖ್ವಾನ್ ಹಾಸಿ ಹನ್ನೆರಡಕ್ಕೆ ಎತ್ತುವ ನಮ್ಮ ವಲೀಮಾಗಳನ್ನು ಏರ್ಪಡಿಸುವವರು ಯಾರು? ಇಶಾ ಆದ ಮೇಲೆಯೇ ಶುರುವಾಗಿ ಹನ್ನೊಂದಕ್ಕೂ ಮುಗಿಯದ ಕಮಿಟಿ ಮೀಟಿಂಗುಗಳು ಯಾರವು? ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಅದನ್ನು ಮುರಿಯುವುದರಲ್ಲಿ ಜಲ್ಸಾ, ಜಾತ್ರೆ, ಗಣೇಶೋತ್ಸವ, ರಾಜಕೀಯ ಸಭೆ ಎಂಬ ಭೇದವೇ ಇಲ್ಲ. ಸರ್ವಧರ್ಮ ಸಮನ್ವಯ ಇರುವುದು ಇಲ್ಲಿಯೇ! ರಮಜಾನಿನಲ್ಲಿ ಇಬಾದತ್ತಿನ ರಾತ್ರಿಗಳನ್ನು ತಿನಿಸಿನ ಬೀದಿಯ ರಾತ್ರಿಗಳನ್ನಾಗಿ ಮಾಡಿ, ಸಹರಿ ಮುಗಿಸಿ ಹಗಲಿಡೀ ಮಲಗುವವರನ್ನು ಯಾವ ಬಯಾನೂ ಮುಟ್ಟುವುದಿಲ್ಲ. ಆ ಸಹರಿಗೆ ಎದ್ದು ಒಲೆ ಹಚ್ಚಿದವಳು ಹಗಲು ಮಲಗಿದಳೇ ಎಂದು ಯಾರೂ ಕೇಳುವುದಿಲ್ಲ. ಕೈಲೂಲಾ, ಅಂದರೆ ಮಧ್ಯಾಹ್ನದ ಸಣ್ಣ ನಿದ್ದೆ, ಸುನ್ನತ್ ಎಂದು ಗಂಡಸರಿಗೆಲ್ಲ ನೆನಪಿದೆ. ಅದು ಹೆಂಗಸರಿಗೂ ಸುನ್ನತ್ ಎಂಬುದು ಮಾತ್ರ ಮರೆತುಹೋಗಿದೆ. ಕುರ್‌ಆನ್ ರಾತ್ರಿಯನ್ನು ಉಡುಪಿಗೆ ಹೋಲಿಸುತ್ತದೆ. ಉಡುಪು ಮನೆಯ ಯಜಮಾನನಿಗೊಬ್ಬನಿಗೇ ಬಂದದ್ದಲ್ಲ.

ಹಾಗಾದರೆ ಏನು ಮಾಡಬೇಕು? ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ ನಮ್ಮ ಬೆಳಗಾವಿಗೆ ಅಂಟಿಕೊಂಡೇ ಇದೆ. ಅಲ್ಲಿಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ಒಂದು ಕೆಲಸ ಮಾಡಿತು. ಸಂಜೆ 7ಕ್ಕೆ ಊರ ದೇವಸ್ಥಾನದಿಂದ ಸೈರನ್ ಕೂಗುತ್ತದೆ. ಎಲ್ಲ ಮನೆಗಳ ಟಿ.ವಿ., ಮೊಬೈಲು ಬಂದ್. 8.30ಕ್ಕೆ ಮತ್ತೆ ಸೈರನ್. ನಡುವೆ ಮಕ್ಕಳ ಓದು, ದೊಡ್ಡವರ ಮಾತುಕತೆ. ಕೊರೊನಾ ಕಾಲದಲ್ಲಿ ಮೊಬೈಲಿಗೆ ಅಂಟಿದ ಮಕ್ಕಳನ್ನು ನೋಡಿ ಊರವರು ಗ್ರಾಮಸಭೆಯಲ್ಲಿ ಕೂತು ಮಾಡಿದ ತೀರ್ಮಾನವಿದು. ನಮಗೆ ಇದರಲ್ಲಿ ಹಿಡಿಸಿದ ಅಂಶ ಒಂದೇ. ಅಲ್ಲಿ ಮಗುವಿನ ಮೊಬೈಲಿನ ಜೊತೆ ಸರಪಂಚರ ಮನೆಯ ಟಿ.ವಿ.ಯೂ ಬಂದ್ ಆಗುತ್ತದೆ. ನಿಯಮ ಎಲ್ಲರಿಗೂ ಒಂದೇ ಆದಾಗ ಮಾತ್ರ ಮಕ್ಕಳು ಅದನ್ನು ನಿಯಮವೆಂದು ಒಪ್ಪುತ್ತಾರೆ.

ಇದರಿಂದ ಕಲಿತು ನಮ್ಮ ಬೇಡಿಕೆಗಳನ್ನು ಇಲ್ಲಿ ಇಡುತ್ತೇವೆ. ಮನೆಯಲ್ಲಿ ರಾತ್ರಿ ಮೊಬೈಲುಗಳನ್ನು ಒಂದು ಕಡೆ ಇಡುವುದಾದರೆ ಮೊದಲು ಅಲ್ಲಿ ಬೀಳಬೇಕಾದದ್ದು ಅಬ್ಬಾನ ಮೊಬೈಲು, ಆಮೇಲೆ ಅಮ್ಮಿಯದು, ಕೊನೆಗೆ ಮಕ್ಕಳದು. ಒಂದೇ ಹಾಲಿನ ಮನೆಯಲ್ಲಿ ಒಂಬತ್ತರ ಮೇಲೆ ಟಿ.ವಿ. ಬೇಡ. ವಾರ್ತೆ ಬೇಕಾದವರಿಗೆ ಬೆಳಗಿನ ಪತ್ರಿಕೆ ಇದೆ, ಅದು ಕಿರುಚುವುದೂ ಇಲ್ಲ. ರಾತ್ರಿಯ ಪಾತ್ರೆ, ಬೆಳಗಿನ ನೀರು, ಮಕ್ಕಳ ಡಬ್ಬಿ, ಇವುಗಳಲ್ಲಿ ಒಂದನ್ನಾದರೂ ಮನೆಯ ಗಂಡಸರು ವಹಿಸಿಕೊಳ್ಳಲಿ. ಹೆಂಡತಿಗೆ, ಸೊಸೆಗೆ ನಿದ್ದೆಯ ಮಾತ್ರೆಗಿಂತ ದೊಡ್ಡ ಔಷಧ ಅದೇ. ಸಂಜೆ ಏಳರ ಮೇಲೆ ಯಾವ ಶಾಲೆಯೂ ಮಕ್ಕಳಿಗೆ ಸಂದೇಶ ಕಳಿಸಕೂಡದೆಂದು ಪೋಷಕರು ಒಟ್ಟಾಗಿ ಕೇಳಲಿ. ಮಸೀದಿ ಕಮಿಟಿಗಳು ನಿಕಾಹ್‌ನ ದಿನ ಗೊತ್ತುಮಾಡುವಾಗಲೇ ಊಟ ಹತ್ತಕ್ಕೆ ಮುಗಿಯಬೇಕೆಂಬ ಷರತ್ತು ಹಾಕಲಿ. ಮದ್ರಸಾದ ಕೋಣೆ ಸಂಜೆ ಖಾಲಿ ಬಿದ್ದಿರುತ್ತದೆ. ಅಲ್ಲಿ ನಾಲ್ಕು ಕನ್ನಡ ಪತ್ರಿಕೆ, ಎರಡು ಉರ್ದು ಪತ್ರಿಕೆ, ಒಂದು ಕಪಾಟು ಪುಸ್ತಕ ಇಟ್ಟು ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಲಿ.

ಇಷ್ಟನ್ನು ನಾವು ಮಾಡಿದರೂ ಕಂಪೆನಿಗಳ ಪಾಲಿನದು ಉಳಿದೇ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಮೊಬೈಲು, ಗೇಮುಗಳ ಗೀಳಿಗೆ ಬಿದ್ದವರಿಗಾಗಿ 2014ರಲ್ಲೇ ಪ್ರತ್ಯೇಕ ಚಿಕಿತ್ಸಾ ಘಟಕ ತೆರೆಯಿತು. ರೋಗಿಗೆ ಆಸ್ಪತ್ರೆ ಬೇಕು, ಸರಿ. ಆದರೆ ರೋಗ ಹಂಚುವವರಿಗೆ ಕಾನೂನು ಬೇಡವೇ? ಚೀನಾ ಸರ್ಕಾರ 2021ರಲ್ಲಿ ಮಕ್ಕಳ ಆನ್‌ಲೈನ್ ಆಟವನ್ನು ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳ ರಾತ್ರಿ 8ರಿಂದ 9ರ ಒಂದು ಗಂಟೆಗೆ ಇಳಿಸಿತು. ಆಸ್ಟ್ರೇಲಿಯಾ 2025ರ ಡಿಸೆಂಬರಿನಲ್ಲಿ 16 ವರ್ಷದೊಳಗಿನವರಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ನಿಲ್ಲಿಸಿತು. ಇಂಥ ಪೊಲೀಸುಗಿರಿ ನಮಗೆ ಪೂರ್ತಿ ಒಪ್ಪಿಗೆಯಿಲ್ಲ. ಅಲ್ಲಿಯೂ ಬೇಲಿ ಬಿದ್ದದ್ದು ಮಕ್ಕಳ ಸುತ್ತಲೇ. ನಾವು ಕೇಳುವುದು ಇನ್ನೂ ಸರಳ. ಬೇಲಿಯನ್ನು ಅಂಗಡಿಗೆ ಹಾಕಿ. ರಾತ್ರಿ ಹತ್ತರ ಮೇಲೆ ತಾನಾಗಿ ಮುಂದಿನ ವಿಡಿಯೋ ಶುರುವಾಗಕೂಡದು, ಟಿಂಗ್ ಎಂದು ಎಬ್ಬಿಸಕೂಡದು, ಪುಟಕ್ಕೊಂದು ಕೊನೆ ಇರಬೇಕು. ಬೇಕೆಂದವರು ತಾವಾಗಿ ತೆರೆದುಕೊಳ್ಳಲಿ. ನಮ್ಮ ದೇಶದ 2023ರ ದತ್ತಾಂಶ ರಕ್ಷಣಾ ಕಾಯ್ದೆ 18ರೊಳಗಿನ ಮಕ್ಕಳ ನಡವಳಿಕೆಯನ್ನು ಹಿಂಬಾಲಿಸಿ ಜಾಹೀರಾತು ಗುರಿಯಿಡುವುದನ್ನು ನಿಷೇಧಿಸಿದೆ. ಅದರ ನಿಯಮಗಳು ಹೊರಬೀಳಲು 2025ರ ನವೆಂಬರ್ ಆಯಿತು, ಕಂಪೆನಿಗಳಿಗೆ ಮತ್ತೆ 18 ತಿಂಗಳ ಗಡುವು ಸಿಕ್ಕಿತು. ವ್ಯಾಪಾರಿಗೆ ಸಿಗುವ ಈ ಸಾವಧಾನದಲ್ಲಿ ಒಂದು ಪಾಲಾದರೂ ಬೆಳಿಗ್ಗೆ ಏಳದ ಮಗುವಿಗೆ ನಮ್ಮ ಮನೆಗಳಲ್ಲಿ ಸಿಗುವುದಿಲ್ಲ.

ನಮ್ಮ ಈ ಮಾತುಗಳಿಂದ ಕೆಲವರಿಗೆ ಸಿಟ್ಟು ಬರಬಹುದು. ಮಕ್ಕಳನ್ನು, ಹೆಂಗಸರನ್ನು ತಿದ್ದುವುದು ಬಿಟ್ಟು ಹಿರಿಯರನ್ನೇ ಕಟಕಟೆಗೆ ಎಳೆದಿರಲ್ಲ ಎನ್ನಬಹುದು. ಎಳೆದಿದ್ದೇವೆ. ಮುಂದಿನ ಜುಮಾದಲ್ಲಿ, ಮುಂದಿನ ಪ್ರವಚನದಲ್ಲಿ, ಮುಂದಿನ ವಾರ್ಷಿಕೋತ್ಸವದಲ್ಲಿ ರಾತ್ರಿಯ ಮೊಬೈಲಿನ ಬಗ್ಗೆ ಮಾತನಾಡುವವರು ಮೈಕಿನ ಮುಂದೆ ನಿಲ್ಲುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಳ್ಳಲಿ. ನಿನ್ನೆ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗಿದವರು ಯಾರು, ಇವತ್ತು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದವರು ಯಾರು? ಎರಡಕ್ಕೂ ಉತ್ತರ ಒಬ್ಬಳೇ ಆಗಿದ್ದರೆ, ಬಯಾನನ್ನು ಮುಂದಿನ ವಾರಕ್ಕೆ ಇಟ್ಟುಕೊಂಡು ಈ ವಾರ ಮನೆಗೆ ಬೇಗ ಹೋಗಿ ಪಾತ್ರೆ ತೊಳೆಯಲಿ.